ಗಡಿಯೂರಿನ ಹುಡುಗ, ಗೂಢಲಿಪಿಯ ಪಾಠ: ಮರಿಯನ್ ರೆಯೆವ್ಸ್ಕಿ (1905–1980)



ನಮ್ಮ ಸದಸ್ಯರ ಮನೆಗಳಲ್ಲಿ ಈಗ ಕಂಪ್ಯೂಟರ್ ವಿಷಯ ಓದುವ ಮಕ್ಕಳು ಬಹಳ. ಅವರಲ್ಲಿ ಹಲವರು ಕ್ರಿಪ್ಟೋಗ್ರಫಿ ಎಂಬ ಪತ್ರಿಕೆಗೆ ಪರೀಕ್ಷೆ ಬರೆಯಬೇಕಾಗುತ್ತದೆ. ಕನ್ನಡದಲ್ಲಿ ಅದನ್ನು ಗೂಢಲಿಪಿಶಾಸ್ತ್ರ ಎನ್ನೋಣ. ಬೇಡದವರು ಓದಲಾಗದಂತೆ ಸಂದೇಶವನ್ನು ಬರೆಯುವುದು ಹೇಗೆ, ಹಾಗೆ ಬರೆದದ್ದನ್ನು ಬಿಡಿಸುವುದು ಹೇಗೆ ಎಂಬುದೇ ಅದರ ವಸ್ತು. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಗೊಣಗುವುದುಂಟು: ಈ ಕ್ರಮಯೋಜನೆ, ಗ್ರೂಪ್ ಥಿಯರಿ ಎಲ್ಲ ಓದಿ ಆಗಬೇಕಾದ್ದೇನು? ಗಡಿನಾಡಿನ ನಮ್ಮ ಮಕ್ಕಳಿಗೆ ಇನ್ನೊಂದು ಗೊಣಗಾಟವೂ ಇದೆ: ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಈ ಎರಡರ ಭಾರ ಯಾಕೆ?

ಈ ಎರಡು ಪ್ರಶ್ನೆಗಳೂ ಒಬ್ಬ ಮನುಷ್ಯನ ಬದುಕಿನಲ್ಲಿ ಒಂದೇ ಕಡೆ ಸೇರಿದ್ದವು. ಈ ಬಾರಿಯ ವ್ಯಕ್ತಿ ಪರಿಚಯ ಅವರದು. ಹೆಸರು ಮರಿಯನ್ ರೆಯೆವ್ಸ್ಕಿ. ಜರ್ಮನ್ ಸೈನ್ಯದ ಎನಿಗ್ಮಾ ಎಂಬ ಗೂಢಲಿಪಿ ಯಂತ್ರದ ಒಳಗುಟ್ಟನ್ನು ಜಗತ್ತಿನಲ್ಲೇ ಮೊದಲು ಗಣಿತದಿಂದ ಬಿಡಿಸಿದವರು. ಅವರು ಈ ವಿದ್ಯೆಗೆ ಬಂದದ್ದು ವಿಶ್ವವಿದ್ಯಾಲಯದ ಒಂದು ತರಗತಿಯಿಂದ.

ಎರಡು ಹೆಸರಿನ ಊರು

1905ರ ಆಗಸ್ಟ್ 16ರಂದು ರೆಯೆವ್ಸ್ಕಿ ಹುಟ್ಟಿದ ಊರಿಗೆ ಎರಡು ಹೆಸರು. ಪೋಲಿಷ್ ಜನರಿಗೆ ಅದು ಬಿಡ್‌ಗೋಶ್ಚ್, ಆಳುತ್ತಿದ್ದ ಜರ್ಮನರಿಗೆ ಬ್ರಾಂಬರ್ಗ್. ಸೊಲ್ಲಾಪುರವನ್ನು ಸೋಲಾಪುರವೆಂದೂ ಮಂಜೇಶ್ವರವನ್ನು ಮಂಜೇಶ್ವರಂ ಎಂದೂ ಬರೆದ ಫಲಕಗಳ ನಡುವೆ ಬದುಕುವ ನಮಗೆ ಇದು ಹೊಸತೇನಲ್ಲ. ಆಗ ಪೋಲೆಂಡ್ ಎಂಬ ದೇಶ ಭೂಪಟದಲ್ಲೇ ಇರಲಿಲ್ಲ. ನೂರು ವರ್ಷಕ್ಕೂ ಹಿಂದೆಯೇ ಪ್ರಷ್ಯ, ರಷ್ಯ, ಆಸ್ಟ್ರಿಯಗಳು ಅದನ್ನು ಹಂಚಿಕೊಂಡಿದ್ದವು. ಬಿಡ್‌ಗೋಶ್ಚ್ ಬಿದ್ದದ್ದು ಪ್ರಷ್ಯದ ಪಾಲಿಗೆ.

ತಂದೆ ಯೋಝೆಫ್ ಸಿಗಾರು, ತಂಬಾಕಿನ ವ್ಯಾಪಾರಿ. ಮನೆಮಾತು ಪೋಲಿಷ್. ಶಾಲೆಯ ಮಾತು ಮಾತ್ರ ಜರ್ಮನ್. ಆ ಪ್ರಾಂತದಲ್ಲಿ ಅದು ಸುಮ್ಮನೆ ಒಪ್ಪಿಕೊಂಡ ವಿಷಯವಾಗಿರಲಿಲ್ಲ. 1901ರಲ್ಲಿ ವ್ಜೆಶ್ನ್ಯಾ ಎಂಬ ಊರಿನ ಮಕ್ಕಳು ಧರ್ಮಪಾಠವನ್ನು ಜರ್ಮನ್‌ನಲ್ಲಿ ಒಪ್ಪಿಸಲು ಒಲ್ಲೆವೆಂದು ಛಡಿಯೇಟು ತಿಂದಿದ್ದರು. ಅಂಥ ಸೀಮೆಯಲ್ಲಿ ಬೆಳೆದ ಬಾಲಕ ರೆಯೆವ್ಸ್ಕಿ ಊರಿನ ಜರ್ಮನ್ ಮಾಧ್ಯಮದ ಶಾಲೆಯಲ್ಲಿ ಆ ಭಾಷೆಯನ್ನು ಚೆನ್ನಾಗಿಯೇ ಕಲಿತರು.

ಮೊದಲ ಮಹಾಯುದ್ಧ ಮುಗಿದ ಮೇಲೆ ಪೋಲೆಂಡ್ ಮತ್ತೆ ದೇಶವಾಯಿತು. 1920ರ ಜನವರಿಯಲ್ಲಿ ಬಿಡ್‌ಗೋಶ್ಚ್ ಪೋಲೆಂಡಿಗೆ ಸೇರಿತು. ಹುಡುಗನಿಗೆ ಆಗ ಹದಿನಾಲ್ಕು ವರ್ಷ. ಊರು ಇದ್ದಲ್ಲೇ ಇತ್ತು, ಗಡಿ ಮಾತ್ರ ಸರಿಯಿತು. 1956ರ ನವೆಂಬರ್ 1ರ ಬೆಳಗನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಂಜೆಯ ತರಗತಿ

1923ರಲ್ಲಿ ಶಾಲೆ ಮುಗಿಸಿದ ರೆಯೆವ್ಸ್ಕಿ ಪೊಜ್ನಾನ್ ವಿಶ್ವವಿದ್ಯಾಲಯಕ್ಕೆ ಗಣಿತ ಓದಲು ಸೇರಿದರು. ಆ ವಿಶ್ವವಿದ್ಯಾಲಯ 1919ರಲ್ಲಷ್ಟೇ ಹುಟ್ಟಿದ್ದು. ಗಣಿತದ ಪ್ರಾಧ್ಯಾಪಕರು ಝ್ಡಿಸ್ವಾವ್ ಕ್ರಿಗೋವ್ಸ್ಕಿ.

ಹೊಸ ಪೋಲೆಂಡಿಗೆ ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ಸೋವಿಯತ್ ರಷ್ಯ. ಎರಡೂ ಕಡೆಯಿಂದ ಭಯ. ಸೈನ್ಯದ ಗೂಢಲಿಪಿ ವಿಭಾಗ ಜರ್ಮನರ ರೇಡಿಯೋ ಸಂದೇಶಗಳನ್ನು ಹಿಡಿದು ಓದುತ್ತಿತ್ತು. ಆದರೆ 1928ರಿಂದ ಜರ್ಮನ್ ಸೈನ್ಯ ಹೊಸ ಬಗೆಯ ಸಂದೇಶ ಕಳುಹಿಸತೊಡಗಿತು. ಅದು ಯಂತ್ರದಿಂದ ಹೊರಟ ಗೂಢಲಿಪಿ. ಹಳೆಯ ಪಟ್ಟುಗಳು ಅದರ ಮುಂದೆ ನಡೆಯಲಿಲ್ಲ. ಅಲ್ಲಿಯವರೆಗೆ ಗೂಢಲಿಪಿ ಬಿಡಿಸುವ ಕೆಲಸ ಬಹುಮಟ್ಟಿಗೆ ಭಾಷೆ ಬಲ್ಲವರದೆಂದು ಎಲ್ಲ ಕಡೆ ನಂಬಿಕೆಯಿತ್ತು. ಪೋಲೆಂಡಿನ ಅಧಿಕಾರಿಗಳಿಗೆ ಗಣಿತದವರು ಬೇಕೆನಿಸಿತು.

ಅವರು ಹುಡುಕಿಕೊಂಡು ಹೋದದ್ದು ಪೊಜ್ನಾನ್‌ಗೆ. ಕಾರಣ ಸರಳ. ಹತ್ತು ವರ್ಷದ ಹಿಂದಿನವರೆಗೂ ಜರ್ಮನ್ ಆಳ್ವಿಕೆಯಲ್ಲಿದ್ದ ಸೀಮೆ ಅದು. ಅಲ್ಲಿನ ವಿದ್ಯಾರ್ಥಿಗಳಲ್ಲಿ ಅನೇಕರು ಜರ್ಮನ್ ಬಲ್ಲವರು. ಒಂದು ಕಾಲದಲ್ಲಿ ಆಳುವವರು ಹೇರಿದ ಭಾಷೆ, ಈಗ ಅದೇ ಆಳುವವರ ಗುಟ್ಟನ್ನು ಓದುವ ಸಾಧನವಾಗಬಹುದಿತ್ತು. ಕ್ರಿಗೋವ್ಸ್ಕಿಯವರ ನೆರವಿನಿಂದ ಜರ್ಮನ್ ಬಲ್ಲ ಇಪ್ಪತ್ತರಷ್ಟು ಗಣಿತ ವಿದ್ಯಾರ್ಥಿಗಳನ್ನು ಆರಿಸಿ, ಗುಟ್ಟು ಬಿಡುವುದಿಲ್ಲವೆಂದು ಪ್ರಮಾಣ ಮಾಡಿಸಿ, 1929ರ ಜನವರಿಯಲ್ಲಿ ತರಗತಿ ಆರಂಭಿಸಿದರು. ಮನೆಯವರಿಗೂ ಗೆಳೆಯರಿಗೂ ಹೇಳುವಂತಿಲ್ಲ. ಚೆಂಶ್ಕಿ, ಪೊಕೋರ್ನಿ, ಪಲ್ಲುತ್ ಎಂಬ ಮೂವರು ವಾರ್ಸಾದಿಂದ ರೈಲಿನಲ್ಲಿ ಬಂದು ಪಾಠ ಮಾಡುತ್ತಿದ್ದರು.

ಆಗ ರೆಯೆವ್ಸ್ಕಿಗೆ ಇಪ್ಪತ್ತಮೂರು, ಪದವಿಯ ಕೊನೆಯ ತಿಂಗಳುಗಳು. ಹಗಲು ಪ್ರಬಂಧ, ಸಂಜೆ ಗೂಢಲಿಪಿ. ತರಗತಿಯಲ್ಲಿ ಅಕ್ಷರ ಬದಲಿಸುವ ವಿಧಾನ, ಅಕ್ಷರದ ಸ್ಥಾನ ಬದಲಿಸುವ ವಿಧಾನ, ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸುವ ವಿಧಾನಗಳನ್ನು ಕಲಿಸುತ್ತಿದ್ದರು. ಜರ್ಮನ್ ಬರಹದಲ್ಲಿ ಅತಿ ಹೆಚ್ಚು ಬರುವುದು ಇ ಅಕ್ಷರ. ಸಿ ಕಂಡರೆ ಅದರ ಹಿಂದೆ ಎಚ್ ಅಥವಾ ಕೆ ಬರುವುದು ಬಹುತೇಕ ಖಚಿತ. ಇಂಥವನ್ನು ನಿಘಂಟು ನೋಡಿ ಕಲಿಯುವುದು ಕಷ್ಟ. ಬಾಲ್ಯದಿಂದ ಆ ಭಾಷೆಯಲ್ಲಿ ಲೆಕ್ಕ, ಪದ್ಯ ಒಪ್ಪಿಸಿದವರಿಗೆ ಅದು ಕೈಬೆರಳಲ್ಲೇ ಇರುತ್ತದೆ.

ತರಗತಿಯ ಪರೀಕ್ಷೆಯೂ ಕಂಠಪಾಠದ್ದಾಗಿರಲಿಲ್ಲ. ಹಿಡಿದಿದ್ದ ನಿಜವಾದ ಜರ್ಮನ್ ಸೈನ್ಯದ ಸಂದೇಶಗಳನ್ನೇ ಮುಂದಿಟ್ಟು ಬಿಡಿಸಲು ಹೇಳಿದರು. ಕೆಲವೇ ಗಂಟೆಗಳಲ್ಲಿ ಉತ್ತರ ತಂದವರಲ್ಲಿ ಮೂವರು ಮುಂದೆ ಹೆಸರಾದರು: ರೆಯೆವ್ಸ್ಕಿ, ಹೆನ್ರಿಕ್ ಝಿಗಾಲ್ಸ್ಕಿ ಮತ್ತು ಯೆಝಿ ರುಝಿತ್ಸ್ಕಿ. ಝಿಗಾಲ್ಸ್ಕಿಗೆ ಆಗ ಇಪ್ಪತ್ತು, ರುಝಿತ್ಸ್ಕಿಗೆ ಹತ್ತೊಂಬತ್ತು ವರ್ಷ. ಓದಿನ ಜೊತೆ ಎರಡನ್ನೂ ನಿಭಾಯಿಸಲಾಗದೆ ಹಲವರು ಅರ್ಧಕ್ಕೆ ಬಿಟ್ಟರು.

ವಿಚಿತ್ರವೆಂದರೆ ರೆಯೆವ್ಸ್ಕಿಯವರೂ ತರಗತಿಯನ್ನು ಪೂರ್ತಿ ಮುಗಿಸಲಿಲ್ಲ. 1929ರ ಮಾರ್ಚ್ 1ರಂದು ಪದವಿ ಪಡೆದು ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯಕ್ಕೆ ವಿಮಾಗಣಿತ ಕಲಿಯಲು ಹೊರಟರು. ಅದನ್ನೂ ಮುಗಿಸದೆ 1930ರಲ್ಲಿ ಪೊಜ್ನಾನ್‌ಗೆ ಮರಳಿ, ವಿಶ್ವವಿದ್ಯಾಲಯದಲ್ಲಿ ಸಹಾಯಕ ಅಧ್ಯಾಪಕರಾದರು. ಹಳೆಯ ತರಗತಿಯಿಂದ ಆರಿಸಿದ ಕೆಲವರಿಗಾಗಿ ಗೂಢಲಿಪಿ ವಿಭಾಗ ಅಲ್ಲೊಂದು ನೆಲಮಾಳಿಗೆಯಲ್ಲಿ ಶಾಖೆ ತೆರೆದಿತ್ತು. ವಾರಕ್ಕೆ ಹನ್ನೆರಡು ಗಂಟೆಯಷ್ಟು ಹೊತ್ತು ರೆಯೆವ್ಸ್ಕಿ ಅಲ್ಲಿ ಕೆಲಸ ಮಾಡತೊಡಗಿದರು. 1932ರ ಸೆಪ್ಟೆಂಬರ್ 1ರಂದು ಮೂವರೂ ವಾರ್ಸಾದ ಕಚೇರಿಗೆ ಪೂರ್ಣಾವಧಿ ನೌಕರರಾಗಿ ಸೇರಿದರು.

ಎನಿಗ್ಮಾ ಎಂಬ ಪ್ರಶ್ನೆಪತ್ರಿಕೆ

ಆ ವರ್ಷದ ಚಳಿಗಾಲಕ್ಕೆ ಮೊದಲು ರೆಯೆವ್ಸ್ಕಿಯವರನ್ನು ಒಂದು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ ಎನಿಗ್ಮಾದ ಕಡತ ಕೊಟ್ಟರು. ಜೊತೆಯ ಇಬ್ಬರಿಗೂ ಹೇಳಬಾರದೆಂದು ಸೂಚನೆ.

ಎನಿಗ್ಮಾ ನೋಡಲು ಟೈಪ್‌ರೈಟರಿನಂತೆ. ಒಂದು ಕೀಲಿ ಒತ್ತಿದರೆ ವಿದ್ಯುತ್ತು ಮೂರು ಗಾಲಿಗಳೊಳಗಿನ ತಂತಿಗಳಲ್ಲಿ ಹಾದು, ಹಿಂದಿನ ಪ್ರತಿಫಲಕದಿಂದ ತಿರುಗಿ ಬಂದು, ಬೇರೊಂದು ಅಕ್ಷರದ ದೀಪ ಹೊತ್ತಿಸುತ್ತದೆ. ಪ್ರತಿ ಒತ್ತಿಗೂ ಗಾಲಿ ಒಂದು ಹಲ್ಲು ತಿರುಗುವುದರಿಂದ ಅದೇ ಅಕ್ಷರ ಮತ್ತೆ ಒತ್ತಿದರೆ ಬೇರೆ ದೀಪ. ಮೂರು ಗಾಲಿಗಳನ್ನು ಜೋಡಿಸುವ ಕ್ರಮ 6. ಅವುಗಳ ಆರಂಭದ ಸ್ಥಾನ 17,576. ಸೈನ್ಯದ ಯಂತ್ರಕ್ಕೆ ಮುಂಭಾಗದಲ್ಲಿ ಇನ್ನೊಂದು ಫಲಕವಿತ್ತು. ಅದರಲ್ಲಿ ತಂತಿ ಸಿಕ್ಕಿಸಿ ಆರು ಜೋಡಿ ಅಕ್ಷರಗಳನ್ನು ಅದಲುಬದಲು ಮಾಡುತ್ತಿದ್ದರು. ಅದೊಂದಕ್ಕೇ ಹತ್ತು ಸಾವಿರ ಕೋಟಿಗೂ ಮೀರಿದ ಸಾಧ್ಯತೆಗಳು. ಒಂದೊಂದಾಗಿ ಪರೀಕ್ಷಿಸಿ ನೋಡುವ ಮಾತೇ ಇಲ್ಲ.

ರೆಯೆವ್ಸ್ಕಿ ಹಿಡಿದದ್ದು ಯಂತ್ರದ ದೋಷವನ್ನಲ್ಲ, ಬಳಸುವವರ ಒಂದು ಅಭ್ಯಾಸವನ್ನು. ಪ್ರತಿ ಸಂದೇಶಕ್ಕೂ ನಿರ್ವಾಹಕ ಮೂರು ಅಕ್ಷರದ ಕೀಲಿಪದ ಆರಿಸಬೇಕು. ರೇಡಿಯೋದಲ್ಲಿ ತಪ್ಪು ಕೇಳಿಸಬಾರದೆಂದು ಅದನ್ನು ಎರಡು ಸಲ ಒತ್ತಬೇಕು. ಹೀಗಾಗಿ ಸಂದೇಶದ ಮೊದಲ ಆರು ಅಕ್ಷರಗಳಲ್ಲಿ ಒಂದನೆಯದೂ ನಾಲ್ಕನೆಯದೂ ಒಂದೇ ಮೂಲ ಅಕ್ಷರದ ಎರಡು ವೇಷ. ಎರಡನೆಯದು ಮತ್ತು ಐದನೆಯದು, ಮೂರನೆಯದು ಮತ್ತು ಆರನೆಯದೂ ಹಾಗೆಯೇ. ಒಂದೇ ದಿನದ ಅರವತ್ತರಷ್ಟು ಸಂದೇಶ ಸಿಕ್ಕರೆ, ಯಾವ ಅಕ್ಷರದ ಹಿಂದೆ ಯಾವುದು ಎಂಬ ಪೂರ್ತಿ ಸರಪಳಿ ಬರೆಯಬಹುದು.

ಇಲ್ಲಿ ಕ್ರಮಯೋಜನೆಯ ಪಾಠ ಬಂತು. ಕನ್ನಡದ ಎಂಟು ಅಕ್ಷರಗಳಲ್ಲೇ ನೋಡೋಣ. ಕ ಹೋಗಿ ಚ ಆಗುತ್ತದೆ, ಚ ಹೋಗಿ ಟ, ಟ ಹೋಗಿ ಮತ್ತೆ ಕ. ಇದು ಮೂವರ ಒಂದು ಸುತ್ತು. ತ ಹೋಗಿ ಪ, ಪ ಹೋಗಿ ಯ, ಯ ಹೋಗಿ ರ, ರ ಹೋಗಿ ಲ, ಲ ಹೋಗಿ ಮತ್ತೆ ತ. ಇದು ಐವರ ಸುತ್ತು. ಈಗ ಫಲಕದ ತಂತಿ ಕ ಮತ್ತು ಪ ಅಕ್ಷರಗಳನ್ನು ಅದಲುಬದಲು ಮಾಡಿತೆನ್ನಿ. ಮೊದಲ ಸುತ್ತು ಪ, ಚ, ಟ ಆಗುತ್ತದೆ. ಎರಡನೆಯದು ತ, ಕ, ಯ, ರ, ಲ ಆಗುತ್ತದೆ. ಹೆಸರು ಬದಲಾಯಿತು, ಆದರೆ ಒಂದು ಸುತ್ತಿನಲ್ಲಿ ಮೂವರು, ಇನ್ನೊಂದರಲ್ಲಿ ಐವರು ಎಂಬುದು ಬದಲಾಗಲಿಲ್ಲ. ಕೋಲಾಟದ ಎರಡು ಸುತ್ತಿನಲ್ಲಿ ಇಬ್ಬರು ಅಂಗಿ ಬದಲಿಸಿಕೊಂಡರೆ ಸುತ್ತಿನ ಗಾತ್ರ ಬದಲಾಗುತ್ತದೆಯೇ? ಹತ್ತು ಸಾವಿರ ಕೋಟಿ ಸಾಧ್ಯತೆಗಳ ಆ ಫಲಕ ಸುತ್ತುಗಳ ಅಳತೆಯ ಮುಂದೆ ಸೋತುಹೋಯಿತು. ಗಣಿತದ ಪುಸ್ತಕದಲ್ಲಿ ಇದು ಎರಡು ಸಾಲಿನ ಪ್ರಮೇಯ. ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ಗುರುತು ಹಾಕಿ ಮುಂದೆ ಹೋಗುವಂಥದ್ದು.

ಇದರಿಂದ ಗಾಲಿಯೊಳಗಿನ ತಂತಿಯ ವಿನ್ಯಾಸಕ್ಕೆ ಸಮೀಕರಣಗಳನ್ನು ಬರೆಯುವುದು ಸಾಧ್ಯವಾಯಿತು, ಆದರೆ ತಿಳಿಯದ ಅಂಶಗಳು ಹೆಚ್ಚಾಗಿದ್ದವು. ಅದೇ ಡಿಸೆಂಬರಿನಲ್ಲಿ ಫ್ರೆಂಚ್ ಗುಪ್ತಚರ ವಿಭಾಗ, ಜರ್ಮನಿಯ ಒಬ್ಬ ನೌಕರನಿಂದ ಕೊಂಡ ಕಾಗದಗಳನ್ನು ಕಳುಹಿಸಿತು. ಅವುಗಳಲ್ಲಿ ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ದಿನನಿತ್ಯದ ಕೀಲಿಗಳಿದ್ದವು. ಜರ್ಮನರು ಆಗ ಗಾಲಿಗಳ ಕ್ರಮವನ್ನು ಮೂರು ತಿಂಗಳಿಗೊಮ್ಮೆ ಬದಲಿಸುತ್ತಿದ್ದರು. ಈ ಎರಡು ತಿಂಗಳು ಬೇರೆ ಬೇರೆ ತ್ರೈಮಾಸಿಕಕ್ಕೆ ಸೇರಿದ್ದರಿಂದ ಎರಡು ಗಾಲಿಗಳ ತಂತಿ ಸಿಗುವ ದಾರಿ ತೆರೆಯಿತು.

ಆದರೂ ಲೆಕ್ಕ ಕೂಡಲಿಲ್ಲ. ಕೀಲಿಮಣೆಯಿಂದ ಮೊದಲ ಗಾಲಿಗೆ ತಂತಿಗಳು ಯಾವ ಕ್ರಮದಲ್ಲಿ ಹೋಗುತ್ತವೆ ಎಂಬುದೇ ತೊಡಕು. ಅಂಗಡಿಯಲ್ಲಿ ಸಿಗುತ್ತಿದ್ದ ಎನಿಗ್ಮಾದಲ್ಲಿ ಅದು ಟೈಪ್‌ರೈಟರಿನ ಅಕ್ಷರಗಳ ಕ್ರಮ. ಸೈನ್ಯದ ಯಂತ್ರದಲ್ಲೂ ಹಾಗೆಯೇ ಇರಬೇಕೆಂದು ತಿಳಿದಿದ್ದೇ ತಪ್ಪಾಗಿತ್ತು. ರೆಯೆವ್ಸ್ಕಿ ಅತಿ ಸರಳವಾದದ್ದನ್ನು ಊಹಿಸಿ ನೋಡಿದರು: ಎ, ಬಿ, ಸಿ, ಡಿ ಎಂಬ ನೇರ ಅಕ್ಷರಮಾಲೆ. ಉತ್ತರ ಸಾಲುಸಾಲಾಗಿ ಬಂತು. ವರ್ಷ ಮುಗಿಯುವ ಹೊತ್ತಿಗೆ, ತಾವು ಕಣ್ಣಾರೆ ಕಾಣದ ಸೈನ್ಯದ ಯಂತ್ರದ ಒಳಗಿನ ತಂತಿಗಳನ್ನು ಅವರು ಕಾಗದದ ಮೇಲೆ ಬರೆದಿಟ್ಟಿದ್ದರು.

1933ರ ಜನವರಿಯಿಂದ ಝಿಗಾಲ್ಸ್ಕಿ ಮತ್ತು ರುಝಿತ್ಸ್ಕಿ ಜೊತೆ ಸೇರಿದರು. ಅದೇ ತಿಂಗಳ ಕೊನೆಯಲ್ಲಿ ಹಿಟ್ಲರ್ ಜರ್ಮನಿಯ ಅಧಿಕಾರ ಹಿಡಿದ. ಆತನ ಸೈನ್ಯದ ಮಾತುಗಳನ್ನು ವಾರ್ಸಾದ ಈ ಮೂವರು ಓದುತ್ತಿದ್ದರು. ಮುಂದೆ ಗಾಲಿಗಳ 1,05,456 ಸ್ಥಿತಿಗಳಿಗೂ ಸುತ್ತುಗಳ ಅಳತೆ ಬರೆದ ಕಾರ್ಡುಗಳ ಕೋಶ ಮಾಡಿದರು. ವರ್ಷಕ್ಕೂ ಮೀರಿದ ದುಡಿಮೆ ಅದು. ಕೋಶ ಸಿದ್ಧವಾದ ಮೇಲೆ ದಿನದ ಕೀಲಿ ಹತ್ತಿಪ್ಪತ್ತು ನಿಮಿಷದಲ್ಲಿ ಸಿಗುತ್ತಿತ್ತು. 1937ರ ನವೆಂಬರಿನಲ್ಲಿ ಜರ್ಮನರು ಪ್ರತಿಫಲಕ ಬದಲಿಸಿದರು. ಕೋಶ ವ್ಯರ್ಥವಾಯಿತು. ಮತ್ತೆ ಮೊದಲಿನಿಂದ ಕೂತು ಮಾಡಿದರು. 1938ರ ಸೆಪ್ಟೆಂಬರಿನಲ್ಲಿ ಕೀಲಿ ಕಳುಹಿಸುವ ರೀತಿಯೇ ಬದಲಾದಾಗ ರೆಯೆವ್ಸ್ಕಿ ಬೊಂಬಾ ಎಂಬ ಯಂತ್ರ ಯೋಚಿಸಿದರು, ಝಿಗಾಲ್ಸ್ಕಿ ತೂತು ಕೊರೆದ ಹಾಳೆಗಳ ವಿಧಾನ ಕಂಡುಹಿಡಿದರು. ಆ ಡಿಸೆಂಬರಿನಲ್ಲಿ ಗಾಲಿಗಳು ಮೂರರಿಂದ ಐದಾದವು, ಜೋಡಣೆಯ ಕ್ರಮ 6ರಿಂದ 60ಕ್ಕೆ ಏರಿತು. ದಾರಿ ಗೊತ್ತಿದ್ದರೂ ಅಷ್ಟು ಕೆಲಸಕ್ಕೆ ಬೇಕಾದ ಹಣ, ಯಂತ್ರಗಳು ಪೋಲೆಂಡಿನ ಬಳಿ ಇರಲಿಲ್ಲ.

1939ರ ಜುಲೈ ಕೊನೆಯ ವಾರ, ವಾರ್ಸಾದ ಹೊರಗಿನ ಕಾಡಿನ ಕೇಂದ್ರಕ್ಕೆ ಬ್ರಿಟಿಷ್, ಫ್ರೆಂಚ್ ತಜ್ಞರನ್ನು ಕರೆಸಿ ಎಲ್ಲವನ್ನೂ ತೋರಿಸಿದರು. ಎರಡೂ ದೇಶಗಳಿಗೆ ತಾವೇ ಮಾಡಿದ ಎನಿಗ್ಮಾದ ನಕಲು ಒಂದೊಂದನ್ನು ಕೊಟ್ಟರು. ಬ್ರಿಟನ್ನಿನ ಡಿಲಿ ನಾಕ್ಸ್ ಅವರನ್ನು ಬಹುಕಾಲ ಕಾಡಿದ್ದು ಅದೇ ಮೊದಲ ಗಾಲಿಗೆ ಹೋಗುವ ತಂತಿಯ ಕ್ರಮ. ಅದು ಬರೀ ಅಕ್ಷರಮಾಲೆ ಎಂದು ಅವರಿಗೆ ತಿಳಿದದ್ದು ಅಲ್ಲಿಯೇ. ಐದು ವಾರಗಳಲ್ಲಿ ಯುದ್ಧ ಶುರುವಾಯಿತು. ಬ್ರಿಟನ್ನಿನ ಬ್ಲೆಚ್ಲಿ ಪಾರ್ಕಿನಲ್ಲಿ ಅಲನ್ ಟ್ಯೂರಿಂಗ್ ಮೊದಲಾದವರು ನಡೆಸಿದ ಮಹಾಕಾರ್ಯಕ್ಕೆ ಈ ಭೇಟಿಯೇ ಬುನಾದಿ.

ಮನೆಗೆ ಹಿಂತಿರುಗುವ ದಾರಿ

1934ರಲ್ಲಿ ರೆಯೆವ್ಸ್ಕಿ ಇರೆನಾ ಅವರನ್ನು ಮದುವೆಯಾಗಿದ್ದರು. ಮಗ ಆಂದ್ಝೆಯ್ 1936ರಲ್ಲಿ, ಮಗಳು ಯಾನಿನಾ 1939ರಲ್ಲಿ ಹುಟ್ಟಿದರು. ಯುದ್ಧ ಬಂದಾಗ ಹೆಂಡತಿ, ಮಗ, ಎಳೆಗೂಸನ್ನು ಬಿಟ್ಟು ಸಹೋದ್ಯೋಗಿಗಳೊಂದಿಗೆ ರುಮೇನಿಯ ದಾಟಿ ಫ್ರಾನ್ಸ್ ಸೇರಬೇಕಾಯಿತು. ಫ್ರಾನ್ಸ್ ಬಿದ್ದ ಮೇಲೆ ದಕ್ಷಿಣದ ಒಂದು ಮನೆಯಲ್ಲಿ ಸುಳ್ಳು ಹೆಸರಿನಲ್ಲಿ, ಶಾಲಾ ಮೇಷ್ಟರೆಂಬ ಸೋಗಿನಲ್ಲಿ ಇದ್ದುಕೊಂಡೇ ಕೆಲಸ ನಡೆಸಿದರು. 1942ರ ಜನವರಿಯಲ್ಲಿ ರುಝಿತ್ಸ್ಕಿ ಬರುತ್ತಿದ್ದ ಹಡಗು ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿತು. ಮೂವರಲ್ಲಿ ಚಿಕ್ಕವರು ಹೋದರು, ಮೂವತ್ತಮೂರಾಗುವ ಮುಂಚೆಯೇ.

1943ರ ಜನವರಿ ಕೊನೆಯಲ್ಲಿ ರೆಯೆವ್ಸ್ಕಿ ಮತ್ತು ಝಿಗಾಲ್ಸ್ಕಿ ಪಿರನೀಸ್ ಬೆಟ್ಟ ದಾಟಿ ಸ್ಪೇನಿಗೆ ಹೊರಟರು. ದಾರಿ ತೋರುವವನೇ ನಡುರಾತ್ರಿ ಪಿಸ್ತೂಲು ಹಿಡಿದು ಉಳಿದ ಹಣ ಕಿತ್ತುಕೊಂಡ. ಸ್ಪೇನಿನಲ್ಲಿ ಮೇ ತನಕ ಸೆರೆವಾಸ. ಆಗಸ್ಟಿನಲ್ಲಿ ಬ್ರಿಟನ್ ತಲುಪಿದಾಗ ಅವರಿಗೆ ಸಿಕ್ಕಿದ್ದು ಕೈಯಿಂದ ಬರೆದ ಸಾಮಾನ್ಯ ಗೂಢಲಿಪಿಗಳ ಕೆಲಸ. ಎನಿಗ್ಮಾದ ಕೆಲಸಕ್ಕೆ ಅವರನ್ನು ಸೇರಿಸಿಕೊಳ್ಳಲಿಲ್ಲ.

1946ರ ನವೆಂಬರಿನಲ್ಲಿ ಅವರು ಊರಿಗೆ ಮರಳಿದರು. ಬಿಟ್ಟುಹೋದ ಕೂಸು ಏಳು ವರ್ಷದ ಹುಡುಗಿಯಾಗಿದ್ದಳು. ಮಾರನೆಯ ಬೇಸಿಗೆಯಲ್ಲಿ ಹನ್ನೊಂದು ವರ್ಷದ ಮಗ ಪೋಲಿಯೋದಿಂದ ಐದೇ ದಿನದಲ್ಲಿ ತೀರಿಕೊಂಡ. ಹಳೆಯ ಗುರು ಕ್ರಿಗೋವ್ಸ್ಕಿ ವಿಶ್ವವಿದ್ಯಾಲಯದಲ್ಲಿ ಕೆಲಸ ಹಿಡಿಯಲು ಒತ್ತಾಯಿಸಿದ್ದರು. ಸೆರೆಮನೆಯಲ್ಲಿ ಅಂಟಿದ ಸಂಧಿವಾತ ಇನ್ನೂ ಬಿಟ್ಟಿರಲಿಲ್ಲ. ಮಗ ಹೋದ ಮೇಲೆ ಹೆಂಡತಿ, ಮಗಳನ್ನು ಒಂದಷ್ಟು ದಿನಕ್ಕೂ ಬಿಟ್ಟಿರಲು ಮನಸ್ಸಾಗಲಿಲ್ಲ. ಬಿಡ್‌ಗೋಶ್ಚ್‌ನಲ್ಲೇ ಉಳಿದು ಕೇಬಲ್ ಕಾರ್ಖಾನೆಯಲ್ಲಿ, ಆಮೇಲೆ ಸಣ್ಣ ಕಚೇರಿಗಳಲ್ಲಿ ಕೆಲಸ ಮಾಡುತ್ತ ಕೂತರು. ವಿದೇಶದಲ್ಲಿದ್ದು ಬಂದವರೆಂದು ಸರ್ಕಾರದ ರಹಸ್ಯ ಪೊಲೀಸರು ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. ಎನಿಗ್ಮಾದ ಬಗ್ಗೆ ಅವರು ಬಾಯಿ ಬಿಡಲಿಲ್ಲ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮಾಡಿದ ಪ್ರಮಾಣ ಹಾಗೇ ನಿಂತಿತು.

1967ರಲ್ಲಿ ನಿವೃತ್ತರಾಗುವ ಹೊತ್ತಿಗೆ ನೆನಪುಗಳನ್ನು ಬರೆದು ಪೋಲೆಂಡಿನ ಸೈನಿಕ ಇತಿಹಾಸ ಸಂಸ್ಥೆಗೆ ಒಪ್ಪಿಸಿದರು. 1973ರಲ್ಲಿ ಫ್ರಾನ್ಸಿನ ಬರ್ತ್ರಾಂ ಪುಸ್ತಕ ಬರೆದ ಮೇಲೆಯೇ ಲೋಕಕ್ಕೆ ಸುದ್ದಿ ಮುಟ್ಟಿದ್ದು. ಬ್ರಿಟನ್ನಿನಲ್ಲೇ ಉಳಿದು ಗಣಿತ ಕಲಿಸುತ್ತಿದ್ದ ಝಿಗಾಲ್ಸ್ಕಿ 1978ರಲ್ಲಿ ತೀರಿಕೊಂಡರು. 1980ರ ಫೆಬ್ರವರಿ 13ರಂದು, ವಾರ್ಸಾದ ಮನೆಗೆ ಸಾಮಾನು ಕೊಂಡು ಬಂದ ರೆಯೆವ್ಸ್ಕಿ ಹೃದಯಾಘಾತದಿಂದ ಹೋದರು. ವಯಸ್ಸು 74. ಅವರಂತೆಯೇ ಗಣಿತ ಓದಿದ ಮಗಳು ಯಾನಿನಾ ತಂದೆಗೆ ಸಿಕ್ಕ ಮನ್ನಣೆಯನ್ನು ಕಂಡರು. ತರಗತಿ ನಡೆದ ಪೊಜ್ನಾನ್‌ನಲ್ಲಿ 2007ರಲ್ಲಿ ಮೂವರ ಹೆಸರು ಹೊತ್ತ ಮೂರು ಮುಖದ ಕಂಬ ನಿಂತಿತು.

ಪರೀಕ್ಷೆಗೆ ಓದುತ್ತಿರುವ ಮಕ್ಕಳಿಗೆ ಇದರಲ್ಲಿ ಮೂರು ಅಂಕದ ಪ್ರಶ್ನೆಗಳು ಬೇಕಾದಷ್ಟಿವೆ. ಕೀಲಿಯನ್ನು ಎರಡು ಸಲ ಕಳುಹಿಸುವುದು ಯಾಕೆ ಅಪಾಯ? ಸಾಧ್ಯತೆಗಳ ಸಂಖ್ಯೆ ದೊಡ್ಡದಿದ್ದರೆ ಸಾಕೇ? ಯಂತ್ರ ಶತ್ರುವಿನ ಕೈಗೆ ಸಿಕ್ಕರೂ ಗುಟ್ಟು ಉಳಿಯಬೇಕೆನ್ನುವುದು ಯಾಕೆ? ಹಿರಿಯರಿಗೆ ನಮ್ಮದೊಂದು ಕೋರಿಕೆ. ಮಲಯಾಳಂ, ಮರಾಠಿ, ತಮಿಳು, ತೆಲುಗು ಅಥವಾ ಇಂಗ್ಲಿಷ್‌ನಲ್ಲಿ ಓದಿ ಬರುವ ಮಗುವನ್ನು ಕೂರಿಸಿಕೊಂಡು, ಆ ಎಂಟು ಅಕ್ಷರಗಳ ಸುತ್ತನ್ನು ಕಾಗದದ ಮೇಲೆ ಬರೆದು ಕನ್ನಡದಲ್ಲಿ ವಿವರಿಸಲು ಹೇಳಿ. ಎರಡು ಭಾಷೆಯಲ್ಲಿ ಹೇಳಲು ಬಂದರೆ ಪಾಠ ಅರ್ಥವಾಗಿದೆ ಎಂದೇ ಲೆಕ್ಕ.